ಗವಿಹೊಳೆ ದಾಟುವ ಮುಂಚೆ

"ಈ ಹಗ್ಗ ನೆನೆದ್ರೆ ಎಷ್ಟು ಭಾರ ತಡೆಯುತ್ತೆ, ಮೇಡಂ?"

ಕೋಮಲಾಳಿಗೆ ನಗು ತಡೆಯಲಾಗಲಿಲ್ಲ. ಅಲ್ಲಾ ಸ್ವಾಮಿ, ಬೆಟ್ಟ ಹತ್ತೋಕೆ ಸಾಮಾನು ಬಾಡಿಗೆಗೆ ಬೇಕು ಅಂತ ಅರಸೀಕೆರೆಯ ಅವಳ ಮನೆ ಬಾಗಿಲಿಗೆ ಬರುವವರೆಲ್ಲ ಮೊದಲು ಕೇಳುವುದು, ಮೇಲೆ ಫೋಟೋ ಚೆನ್ನಾಗಿ ಬರುತ್ತಾ ಅಂತ. ಈ ಮನುಷ್ಯ ನೋಡಿದರೆ ಹಗ್ಗವನ್ನು ಬಿಚ್ಚಿ, ಜಗ್ಗಿ, ಕೊನೆಗೆ ಮೂಸಿಯೂ ನೋಡುತ್ತಿದ್ದ. ಇಸ್ತ್ರಿ ಮಾಡಿದ ಅರ್ಧ ತೋಳಿನ ಶರಟು, ಹಣೆ ಮೇಲೆ ತೆಳ್ಳಗೆ ಕೆಂಪು ನಾಮ, ಕಾಲಿಗೆ ಈಗಷ್ಟೇ ಡಬ್ಬಿಯಿಂದ ತೆಗೆದ ಹಾಗಿರುವ ಶೂ.

"ಹಗ್ಗದ ಮಾತು ಆಮೇಲೆ. ಶೂ ಬೆಳಿಗ್ಗೆ ಹೊತ್ತು ತಗೊಂಡ್ರಾ?" ಎಂದಳು.

"ಹೌದು. ಹೇಗೆ ಗೊತ್ತಾಯ್ತು?"

"ಬೆರಳಿಗೆ ಜಾಗನೇ ಇಲ್ಲವಲ್ಲ! ಶೂ ಸಾಯಂಕಾಲ ತಗೋಬೇಕು ಕಣ್ರೀ, ಪಾದ ಊದಿಕೊಂಡಿರುತ್ತೆ. ಇದನ್ನ ಹಾಕ್ಕೊಂಡು ಇಳಿಜಾರು ಇಳಿದ್ರೆ ಹೆಬ್ಬೆರಳಿನ ಉಗುರು ಕಿತ್ತು ಕೈಗೆ ಬರುತ್ತೆ."

ಅವನು ನಗಲಿಲ್ಲ. ಬಗ್ಗಿ ತನ್ನ ಶೂ ನೋಡಿಕೊಂಡ. "ಹಾಗಾದ್ರೆ ಬದಲಾಯಿಸ್ತೀನಿ. ಇನ್ನೇನೇನು ತಪ್ಪು ಮಾಡಬಹುದು, ಅದನ್ನೂ ಹೇಳಿ" ಎಂದ. ಎಷ್ಟು ವಿಧೇಯವಾಗಿ ಕೇಳಿದನೆಂದರೆ, ಜಾವಗಲ್ ಹೈಸ್ಕೂಲಿನಲ್ಲಿ ಪಿ.ಟಿ. ಮೇಡಂ ಆಗಿ ಇಷ್ಟು ವರ್ಷದಲ್ಲಿ ಕೋಮಲಾಳಿಗೆ ಅಂಥ ವಿದ್ಯಾರ್ಥಿ ಒಬ್ಬನೂ ಸಿಕ್ಕಿರಲಿಲ್ಲ.

ಹೆಸರು ವಿಜಯಸಾರಥಿ. ಅರಸೀಕೆರೆ ಅಂಚೆ ಕಚೇರಿಯಲ್ಲಿ ಗುಮಾಸ್ತ. ಊರು ಬೇಲೂರು, ತಂದೆ ಗೋಪಾಲಸ್ವಾಮಿಗಳು ದೇವಸ್ಥಾನದ ಕೈಂಕರ್ಯದವರು. ಸಕಲೇಶಪುರದ ಆಚೆ, ಘಟ್ಟದ ಅಂಚಿನಲ್ಲಿರುವ ಗವಿಗುಡ್ಡಕ್ಕೆ ಹೋಗಬೇಕು ಅಂದ. ಯಾಕೆ ಅಂದರೆ, "ನೋಡಬೇಕು" ಅಂದ, ಅಷ್ಟೇ.

ಅದು ತೊಂಬತ್ತೊಂಬತ್ತರ ಚಳಿಗಾಲ. ಅಲ್ಲಿಂದ ಪ್ರತಿ ಭಾನುವಾರ ಅವನು ಬಂದ.

ಕೋಮಲಾ ಹೇಳುತ್ತ ಹೋದಳು, ಅವನು ಕಲಿಯುತ್ತ ಹೋದ. ಜೀನ್ಸ್ ಪ್ಯಾಂಟು ಬೇಡ, ನೆನೆದರೆ ಕಲ್ಲು ಕಟ್ಟಿಕೊಂಡ ಹಾಗೆ. ಬೆಂಕಿಪೊಟ್ಟಣ ಕ್ಯಾಮೆರಾ ರೀಲಿನ ಡಬ್ಬಿಯೊಳಗೆ. ಚೀಲದಲ್ಲಿ ಭಾರದ್ದೆಲ್ಲ ಬೆನ್ನಿಗೆ ಒತ್ತಿಕೊಂಡಿರಬೇಕು, ಹಗುರದ್ದು ಹೊರಗೆ. ಟಾರ್ಚಿನ ಒಂದು ಸೆಲ್ ತಿರುಗಿಸಿ ಹಾಕಿಡಿ, ಚೀಲದೊಳಗೆ ತಾನೇ ಹತ್ತಿಕೊಂಡು ಸಾಯಲ್ಲ. ಹೊರಡುವ ಮುಂಚೆ ಕಾಡಂಚಿನ ಕೊನೆ ಮನೆಯಲ್ಲಿ ಹೇಳಿಯೇ ಹೋಗಬೇಕು, ಇಂಥ ಹೊತ್ತಿಗೆ ಬರದಿದ್ದರೆ ಹುಡುಕಿ ಅಂತ.

"ಇನ್ನೊಂದು ಮರೆತೆ. ಹೊಳೆ ದಾಟುವಾಗ ಚೀಲದ ಸೊಂಟದ ಬೆಲ್ಟು, ಎದೆ ಬೆಲ್ಟು ಎರಡನ್ನೂ ಬಿಚ್ಚಬೇಕು."

"ಬಿಚ್ಚದಿದ್ರೆ?"

"ಕಾಲು ಜಾರಿದ್ರೆ ಚೀಲ ಕಳಚೋಕೆ ಆಗಲ್ಲ. ಅದು ನೀರು ಕುಡಿದು ನಿಮ್ಮನ್ನ ಕವುಚಿ ಹಾಕುತ್ತೆ. ಸಾಮಾನು ಹೋದ್ರೆ ಹೋಗಲಿ, ಜೀವ ಹೋದ್ರೆ ವಾಪಸ್ ಬರುತ್ತಾ?"

ವಿಜಯಸಾರಥಿ ಮುಖ ತಿರುಗಿಸಿದ. ಕಿಟಕಿಯಾಚೆ ರೈಲೊಂದು ಶಂಟಿಂಗ್ ಆಗುತ್ತಿತ್ತು. ಅದು ನಿಲ್ಲುವ ತನಕ ಅದನ್ನೇ ನೋಡುತ್ತ ನಿಂತ. ಹೊಳೆ ಅಂದರೆ ಹೆದರಿಕೆಯೇನೋ ಪಾಪ ಅಂದುಕೊಂಡಳು ಕೋಮಲಾ.

ಶೂ ಪಳಗಿಸಲು ಇಬ್ಬರೂ ಜಾವಗಲ್‌ನಿಂದ ಹಳೇಬೀಡಿನ ಕಡೆಗೆ ನಡೆದರು. ಜೊತೆಗೆ ಅವಳ ಶಾಲೆಯ ಡ್ರಾಯಿಂಗ್ ಮೇಷ್ಟ್ರು ಏಕಾಂತಯ್ಯ, ಅವಳ ಚಾರಣ ಬಳಗದ ಹಿರಿಯರು. ಅವರು ಬೇಕೆಂದೇ ಮುಂದೆ ಮುಂದೆ ನಡೆದರೋ, ಇವರಿಬ್ಬರು ಹಿಂದೆ ಬಿದ್ದರೋ, ಆ ತೆಂಗಿನ ತೋಟಗಳಿಗೇ ಗೊತ್ತು. ಬಸ್ತಿಹಳ್ಳಿ ಬಸದಿಯ ಮುಂದಿನ ಹುಲ್ಲಿನ ಮೇಲೆ ಕೂತು ಅವನು ಕಾಲ್ಚೀಲ ಬಿಚ್ಚಿದರೆ ಹಿಮ್ಮಡಿಯಲ್ಲಿ ದೊಡ್ಡ ಬೊಬ್ಬೆ.

"ಅಯ್ಯೋ! ಹೇಳಬಾರದಿತ್ತಾ?"

"ಹೇಳಿದ್ರೆ ನೀವು ವಾಪಸ್ ಕರ್ಕೊಂಡು ಹೋಗ್ತಿದ್ರಿ."

"ಹೂಂ, ಹೋಗ್ತಿದ್ದೆ."

"ಅದಕ್ಕೇ ಹೇಳಲಿಲ್ಲ."

ಅವಳು ತಲೆ ಎತ್ತಿದಳು. ಅವನು ನೋಡುತ್ತಲೇ ಇದ್ದ. ಕದ್ದು ನೋಡಿ ಸಿಕ್ಕಿಬಿದ್ದವರ ಗಾಬರಿಯೂ ಇಲ್ಲ, ಪಡ್ಡೆಗಳ ಹಲ್ಲುಗಿಂಜುವ ನೋಟವೂ ಅಲ್ಲ. ಏನೋ ಕೇಳಬೇಕು, ಕೇಳಲಾರೆ ಅನ್ನುವ ನೋಟ. ಕೋಮಲಾ ಸೂಜಿಯನ್ನು ಬೆಂಕಿಕಡ್ಡಿಯ ಉರಿಗೆ ಹಿಡಿದು, ಅವನ ಪಾದವನ್ನು ತನ್ನ ಮಂಡಿ ಮೇಲಿಟ್ಟುಕೊಂಡು ಬೊಬ್ಬೆ ಒಡೆದಳು. ಎಷ್ಟೋ ಹುಡುಗರ ಕಾಲಿಗೆ ಹೀಗೆ ಮಾಡಿದವಳೇ. ಆದರೆ ಅವತ್ತು ಬೆರಳು ನಡುಗಿತು, ಅದನ್ನು ಅವನೂ ಕಂಡ.

"ಬೇರೆಯವರ ಕಾಲು ಮುಟ್ಟಿದ್ರೆ ಹೀಗೇ ನಡುಗುತ್ತಾ?" ಮೆಲ್ಲಗೆ ಕೇಳಿದ.

"ಸೂಜಿ ಕೈಯಲ್ಲಿದೆ, ಜೋಕೆ" ಅಂದಳು. ಇಬ್ಬರೂ ನಕ್ಕರು. ಮೊದಲ ಸಲ ಅವನು ಮನಸಾರೆ ನಕ್ಕದ್ದು ಅಲ್ಲೇ.

ಇಪ್ಪತ್ತೆಂಟಾಗಿತ್ತು ಕೋಮಲಾಳಿಗೆ. ಬಂದ ಗಂಡುಗಳೆಲ್ಲ ಉಪ್ಪಿಟ್ಟು ತಿಂದು, ಬೆಟ್ಟಗುಡ್ಡ ಅಲೆಯುವ ಹೆಣ್ಣು ನಮಗೆ ಒಗ್ಗಲ್ಲ ಅಂತ ಹೇಳಿ ಕಳಿಸಿದ್ದರು. ಅವಳಿಗೆ ಗೊತ್ತಿದ್ದುದನ್ನೆಲ್ಲ ಬೊಗಸೆಯೊಡ್ಡಿ ಕೇಳಿಸಿಕೊಂಡ ಗಂಡಸು ಇವನೊಬ್ಬನೇ. ಪ್ರೀತಿ ಬಂತು. ಸುತ್ತಿ ಬಳಸಿ ಹೇಳುವುದೇನು, ಬಂತು, ಶನಿವಾರ ರಾತ್ರಿ ನಿದ್ದೆ ಬಾರದಷ್ಟು ಬಂತು.

ಅಪ್ಪ ಜವರಣ್ಣ ಎಲ್ಲ ಕಂಡಿದ್ದ. ಒಂದು ದಿನ ಎಲೆಗೆ ಸುಣ್ಣ ಸವರುತ್ತ ಕೂತವನು ಅಂದ, "ಅವ್ರು ದ್ಯಾವಸ್ಥಾನದ ಜನ ಕಣವ್ವ, ನಾವು ಹೊಲ ಉಳೋರು. ಹುಡ್ಗ ಒಳ್ಳೇವ್ನೇ, ಇಲ್ಲ ಅನ್ನಕಿಲ್ಲ. ಆದ್ರೂ ಮನಸ್ಸಿಗೆ ಒಸಿ ಲಗಾಮು ಇರ್ಲಿ."

"ಗುಡ್ಡದ ಮೇಲೆ ನಾನೇ ಕೇಳ್ತೀನಿ ಅಪ್ಪಾ. ಆಗಲ್ಲ ಅಂದ್ರೆ ಆಗಲ್ಲ ಅನ್ಲಿ" ಅಂದಳು.

ಫೆಬ್ರವರಿಯಲ್ಲಿ ಬಳಗದ ಎಂಟು ಜನ ಗವಿಗುಡ್ಡಕ್ಕೆ ಹೊರಟರು. ಕೊನೆ ಮನೆಯ ದ್ಯಾವಮ್ಮನಿಗೆ ಹೇಳಿ, ಅವಳು ಕೊಟ್ಟ ಮಜ್ಜಿಗೆ ಕುಡಿದು ಕಾಡು ಹೊಕ್ಕರು. ಗವಿಹೊಳೆಯಲ್ಲಿ ಮೊಣಕಾಲುದ್ದ ನೀರಷ್ಟೇ ಇತ್ತು. ಕಲ್ಲಿನ ಮೇಲೆ ಬಿಸಿಲು ಬಿದ್ದು ಹೊಳೆ ಎಷ್ಟು ಸಾಧುವಾಗಿ ಕಾಣುತ್ತಿತ್ತೆಂದರೆ, ಕೂಸನ್ನು ಇಳಿಸಿ ಆಡಿಸಬಹುದಿತ್ತು.

ಕೋಮಲಾ ಬಾಯಿ ತೆರೆಯುವ ಮೊದಲೇ ವಿಜಯಸಾರಥಿ ಎರಡೂ ಬೆಲ್ಟು ಬಿಚ್ಚಿದ್ದ.

"ಶಭಾಷ್!" ಅಂದಳು.

ಅವನು ದಡದ ಬಂಡೆ ಮೇಲೆ ಕುಸಿದು ಕೂತ. ಮುಖ ಬಿಳಿಚಿಕೊಂಡಿತ್ತು. ಏಕಾಂತಯ್ಯನವರು ಒಮ್ಮೆ ನೋಡಿ, ಮಿಕ್ಕವರನ್ನು ಕರೆದುಕೊಂಡು ಹೊಳೆ ದಾಟಿ ಆಚೆ ದಡದ ನೆರಳಿಗೆ ಹೋದರು.

"ನಮ್ಮಣ್ಣ ಹೋದದ್ದು ಇಲ್ಲೇ" ಎಂದ ವಿಜಯಸಾರಥಿ.

ಅವಳು ಚೀಲ ಇಳಿಸಿ ಅವನ ಪಕ್ಕ ಬಂದು ಕೂತಳು.

"ಸಂಪತ್ಕುಮಾರ ಅಂತ. ಹೋದ ಶ್ರಾವಣಕ್ಕೆ ಮದುವೆ ಇತ್ತು. ಮೊದಲ ಲಗ್ನಪತ್ರಿಕೆ ಮೇಲಿನ ಗವಿ ನರಸಿಂಹನ ಮುಂದೆ ಇಡೋದು ನಮ್ಮ ಮನೆ ಪದ್ಧತಿ. ಆಷಾಢದ ಮಳೆ, ಅಮ್ಮ ಬೇಡ ಅಂದಳು. ದೇವರಿಗೆ ಇಡದೆ ಊರಿಗೆ ಹಂಚೋದು ಹೇಗೆ ಅಂತ ಹೊರಟ. ಪತ್ರಿಕೆ ಕಟ್ಟು ನೆನೀಬಾರದು ಅಂತ ಪ್ಲಾಸ್ಟಿಕ್ಕಲ್ಲಿ ಸುತ್ತಿ, ಚೀಲಾನ ಆದಷ್ಟು ಮೇಲೆ ಎಳ್ಕೊಂಡು, ಬೆಲ್ಟು ಬಿಗಿದು ಕಟ್ಕೊಂಡು ನೀರಿಗಿಳಿದ. ಈ ದಡದಲ್ಲಿ ನಿಂತಿದ್ದ ಸ್ನೇಹಿತ ನೋಡಿದ್ದು. ಕೆಳಗೆ ಬಂಡೆ ಸಂದಿಯಲ್ಲಿ ಸಿಕ್ಕಾಗ ಚೀಲ ಬೆನ್ನಲ್ಲೇ ಇತ್ತು." ಅವನು ಕೆಳಗಿನ ಬಂಡೆಗಳ ಕಡೆ ಕೈ ತೋರಿಸಿದ. "ಪತ್ರಿಕೆ ಒಂದೂ ನೆನೆದಿರಲಿಲ್ಲ, ಕೋಮಲಾ."

ಹೆಸರು ಹಿಡಿದು ಅವನು ಕರೆದದ್ದು ಅದೇ ಮೊದಲು. ಆ ಸುಖವನ್ನು ಆ ಹೊತ್ತಲ್ಲಿ ಎಲ್ಲಿಡಬೇಕೋ ಅವಳಿಗೆ ತಿಳಿಯಲಿಲ್ಲ.

ಅವನು ಜೇಬಿನಿಂದ ಬಾಡಿದ ತುಳಸಿ ತೆಗೆದ. "ಅಪ್ಪ ಇರೋವಾಗ ನಾನು ಎಳ್ಳುನೀರು ಬಿಡೋ ಹಾಗಿಲ್ಲ. ಅಮ್ಮ ಇದನ್ನ ಕೊಟ್ಟಿದ್ದಾಳೆ." ನೀರಿಗೆ ಬಿಟ್ಟ. ಎಲೆಗಳು ಕಲ್ಲು ಬಳಸಿಕೊಂಡು ಹೋದವು. ಅವನು ಬಿಕ್ಕಿ ಬಿಕ್ಕಿ ಅತ್ತ. ಕೋಮಲಾ ಅವನ ಬೆನ್ನ ಮೇಲೆ ಕೈಯಿಟ್ಟು ಕೂತಳು, ತೆಗೆಯಲಿಲ್ಲ.

ಕಣ್ಣೊರೆಸಿಕೊಂಡು ಅವನೇ ಹೇಳಿದ. "ಇನ್ನೂ ಒಂದಿದೆ. ಪ್ರತಿ ಭಾನುವಾರ ಹೇಳಬೇಕು ಅಂತಲೇ ಬರ್ತಿದ್ದೆ. ನಿಮ್ಮ ಮುಖ ನೋಡಿದ ತಕ್ಷಣ ಮುಂದಿನ ವಾರ ಅಂದ್ಕೊಳ್ತಿದ್ದೆ. ಅಣ್ಣನಿಗೆ ನೋಡಿದ್ದ ಹುಡುಗಿ ಹಿತಾ, ಹಳೇಬೀಡಿನ ಮೇಷ್ಟ್ರ ಮಗಳು. ಅಣ್ಣ ಹೋದಮೇಲೆ ಜನ ಅವಳನ್ನ ಬಿಡಲಿಲ್ಲ. ಕಾಲ್ಗುಣ ಅಂದ್ರು, ಮುಹೂರ್ತಕ್ಕೆ ಮುಂಚೆ ಗಂಡನ್ನ ನುಂಗಿದಳು ಅಂದ್ರು. ಅವರಪ್ಪ ನಮ್ಮ ಪಡಸಾಲೆಯಲ್ಲಿ ಕೂತು ಕಣ್ಣೀರಿಟ್ಟಾಗ, ಅಮ್ಮ ನನ್ನ ಕಡೆ ನೋಡಿದಳು. ನಾನು ಆಗಲಿ ಅಂದೆ. ವರ್ಷಾಬ್ದಿಕ ಮುಗಿದ ಮೇಲೆ ಮದುವೆ."

"ಅಂದ್ರೆ ಮಾತು ಕೊಟ್ಟಾಗಿದೆ" ಅಂದಳು ಕೋಮಲಾ.

"ಆಗ ನಿಮ್ಮನ್ನ ನೋಡಿರಲಿಲ್ಲ."

ಅಯ್ಯೋ ದೇವರೇ, ಜಾತಿ ಅಡ್ಡ ಬರುತ್ತೆ, ಮಡಿ ಅಡ್ಡ ಬರುತ್ತೆ ಅಂತ ಎಷ್ಟು ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದಳು! ಇದೊಂದನ್ನು ಮಾತ್ರ ಅವಳು ಎಣಿಸಿಯೇ ಇರಲಿಲ್ಲ.

"ಅಪ್ಪನ ಹತ್ರ ಜಗಳ ಆಡೋ ಧೈರ್ಯ ನನಗಿದೆ" ಎಂದ. "ಆ ಹುಡುಗಿ ಮುಖ ನೋಡಿ ಇಲ್ಲ ಅನ್ನೋ ಧೈರ್ಯ ಇಲ್ಲ. ಆದ್ರೆ ನೀವು ಹೇಳಿ. ನಾನು ಬೇಕು ಅಂತ ನೀವು ಒಂದು ಮಾತು ಅಂದ್ರೆ, ಇವತ್ತೇ ಬೇಲೂರಿಗೆ ಹೋಗಿ ಅದನ್ನೂ ಹೇಳ್ತೀನಿ."

"ಬೇಕು" ಅನ್ನುವುದು ನಾಲಿಗೆ ತುದಿಗೆ ಬಂದಿತ್ತು. ತಿಂಗಳುಗಳಿಂದ ಇದ್ದ ಮಾತು. ಅವನು ಕಾಯುತ್ತಿದ್ದ, ಕಣ್ಣು ಕೆಂಪಾಗಿ, ಹುಬ್ಬಿನ ಮೇಲೆ ಬೆವರು.

"ಬೇಲೂರಿನ ಬಸ್‌ಸ್ಟ್ಯಾಂಡಲ್ಲಿ ಹೇಳ್ತೀನಿ" ಅಂದಳು. "ಈಗ ನಿಮ್ಮೆಲ್ಲರನ್ನೂ ಹತ್ತಿಸಿ ಇಳಿಸೋ ಜವಾಬ್ದಾರಿ ನನ್ನದು. ಏಳಿ."

ಹತ್ತಿದರು, ಗವಿ ನರಸಿಂಹನಿಗೆ ಕೈ ಮುಗಿದರು, ಇಳಿದರು. ಇಳಿಯುವಾಗ ಅವನು ಎಲ್ಲೂ ಜಾರಲಿಲ್ಲ. ಹಿಂದೆ ನಡೆಯುತ್ತಿದ್ದ ಕೋಮಲಾ ಅವನು ಇಟ್ಟ ಪ್ರತಿ ಹೆಜ್ಜೆ ನೋಡಿದಳು. ಈ ನಡಿಗೆ ನನ್ನದು, ನಾನು ಕಲಿಸಿದ್ದು, ಇವನನ್ನು ಯಾಕೆ ಬಿಡಬೇಕು ಅಂತ ಒಳಗೊಳಗೇ ಹಟ ಮಾಡಿದಳು. ಸಕಲೇಶಪುರದಿಂದ ಬಸ್ಸು ಹತ್ತುವಾಗಲೂ ಅವಳ ಉತ್ತರ "ಬೇಕು" ಎಂದೇ ಇತ್ತು.

ಬೇಲೂರಿನ ಬಸ್‌ಸ್ಟ್ಯಾಂಡಿನಲ್ಲಿ ದೀಪ ಹತ್ತುವ ಹೊತ್ತು. ಕಲ್ಲುಬೆಂಚಿನ ಮೇಲೆ ಇಬ್ಬರು ಹೆಂಗಸರು ಕೂತಿದ್ದರು. ದೊಡ್ಡವರು ಶ್ರೀರಂಗಮ್ಮ, ಅವನ ತಾಯಿ. ಇನ್ನೊಬ್ಬಳು ತೆಳ್ಳನೆಯ ಹುಡುಗಿ, ಬಸ್ಸಿನಿಂದ ಇಳಿಯುವ ಒಬ್ಬೊಬ್ಬರನ್ನೂ ನೋಡುತ್ತ ನಿಂತುಬಿಟ್ಟಳು. ವಿಜಯಸಾರಥಿ ಇಳಿದಾಗ ಅವಳು ಹತ್ತಿರ ಬರಲಿಲ್ಲ. ಇದ್ದಲ್ಲೇ ಕಂಬ ಹಿಡಿದು ಜೋರಾಗಿ ಅತ್ತುಬಿಟ್ಟಳು, ಇಡೀ ಬಸ್‌ಸ್ಟ್ಯಾಂಡು ತಿರುಗಿ ನೋಡುವ ಹಾಗೆ.

"ನಮ್ಮ ಹಿತಾ ಮಧ್ಯಾಹ್ನದಿಂದ ಒಂದು ತೊಟ್ಟು ನೀರೂ ಕುಡಿದಿಲ್ಲ" ಎಂದರು ಶ್ರೀರಂಗಮ್ಮ. ಆಮೇಲೆ ಕೋಮಲಾಳ ಎರಡೂ ಕೈ ಹಿಡಿದುಕೊಂಡರು. "ನೀವೇ ಅಲ್ವಾ ಮೇಡಂ? ನನ್ನ ಮಗನ್ನ ತಂದುಕೊಟ್ರಿ. ನಿಮ್ಮ ಹೊಟ್ಟೆ ತಣ್ಣಗಿರಲಿ."

ಬರಿಗೈಯಲ್ಲಿ ಕಳಿಸಬಾರದು ಅಂತ ಅವರು ಬುಟ್ಟಿಯಿಂದ ಕುಂಕುಮದ ಭರಣಿ, ಒಂದು ಮೊಳ ಮಲ್ಲಿಗೆ ತೆಗೆದರು. ಹಿತಾ ಅದನ್ನು ನೋಡಿದ್ದೇ ಕಣ್ಣೊರೆಸಿಕೊಂಡು ಹಿಂದೆ ಸರಿದಳು, ಎರಡು ಹೆಜ್ಜೆ. ಯಾರೂ ಹೇಳಲಿಲ್ಲ, ತಾನೇ ಸರಿದಳು. ಅಷ್ಟು ಎಳೆ ವಯಸ್ಸಿಗೇ ಅವಳಿಗೆ ಹಾಗೆ ಸರಿಯುವುದು ಅಭ್ಯಾಸವಾಗಿಬಿಟ್ಟಿತ್ತು. ಮುತ್ತೈದೆಯರ ಕೈಗೆ ಹೂ ಕುಂಕುಮ ಬಂದಾಗ ತನ್ನ ನೆರಳೂ ಸೋಕಬಾರದು ಅಂತ ಅವಳು ಕಲಿತಾಗಿತ್ತು.

ಕೋಮಲಾಳ ಹಟವೆಲ್ಲ ಅಲ್ಲೇ ಮುರಿಯಿತು.

ವಿಜಯಸಾರಥಿ ಅವಳನ್ನೇ ನೋಡುತ್ತಿದ್ದ. ಅವನಿಗೆ ಕೊಡಬೇಕಾದ ಉತ್ತರ ಇನ್ನೂ ಅವಳ ಹತ್ತಿರವೇ ಇತ್ತು. ಅವಳೂ ಅವನನ್ನು ನೋಡಿದಳು, ಕಣ್ಣು ತುಂಬ, ಇನ್ನು ಇಷ್ಟೇ ಅನ್ನುವ ಹಾಗೆ. ಆಮೇಲೆ ತಿರುಗಿ ಹಿತಾಳ ಮುಂದೆ ಹೋಗಿ ನಿಂತಳು.

"ನನಗೆ ಹೂ ಮುಡಿಸಮ್ಮ."

"ಅಕ್ಕಾ... ನಾನಾ? ಬೇಡ ಅಕ್ಕ, ನನ್ನ ಕೈಲಿ..."

"ನಿನ್ನ ಕೈಲೇ. ಇನ್ನೇನು ಮದುವೆ ಆಗೋ ಹುಡುಗಿ ನೀನು. ಮುಡಿಸು."

ಹಿತಾ ಅತ್ತೆಯಾಗುವವರ ಮುಖ ನೋಡಿದಳು. ಶ್ರೀರಂಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಲೆಯಾಡಿಸಿದರು. ಕೋಮಲಾ ಬಾಗಿದಳು. ಹಿತಾಳ ಬೆರಳುಗಳು ಅವಳ ಜಡೆಗೆ ಮಲ್ಲಿಗೆ ಸಿಕ್ಕಿಸಿದವು, ಹಣೆಗೆ ಕುಂಕುಮ ಇಟ್ಟವು. ಬಾಗಿದ ತಲೆ ಎತ್ತುವಷ್ಟರಲ್ಲಿ ವಿಜಯಸಾರಥಿ ಮುಖ ಆಚೆ ತಿರುಗಿಸಿಕೊಂಡಿದ್ದ. ಅವನ ಭುಜ ಅಲುಗುತ್ತಿತ್ತು.

"ಅರಸೀಕೆರೆ, ಅರಸೀಕೆರೆ, ಹಳೇಬೀಡು, ಜಾವಗಲ್!" ಕಂಡಕ್ಟರ್ ಕೂಗಿದ. ಬಳಗದವರೆಲ್ಲ ಹತ್ತಿದರು. ಏಕಾಂತಯ್ಯನವರು ಕೋಮಲಾಳಿಗೆ ಕಿಟಕಿ ಪಕ್ಕ ಬಿಟ್ಟುಕೊಟ್ಟು, ತಾವು ಹಿಂದಿನ ಸೀಟಿಗೆ ಹೋಗಿ ಕೂತರು.

ಮನೆ ಜಗಲಿ ಮೇಲೆ ಜವರಣ್ಣ ಕಾದು ಕೂತಿದ್ದ. ಮಗಳು ಚೀಲ ಇಳಿಸಿದಳು. ಯಾವ ಬೆಟ್ಟದಿಂದ ಬಂದರೂ ಮೈತುಂಬ ಧೂಳು ಹೊತ್ತು ಬರುವವಳು, ಇವತ್ತು ಹಣೆಯಲ್ಲಿ ಕುಂಕುಮ, ಜಡೆಯಲ್ಲಿ ಮಲ್ಲಿಗೆ. ಮುದುಕನ ಮುಖ ಅರಳಿತು.

"ಯಾರವ್ವ ಹೂ ಮುಡ್ಸಿದ್ದು? ಅವ್ರ ಮನೇರಾ?"

"ಮದುವೆ ಹೆಣ್ಣು ಅಪ್ಪಾ" ಅಂದಳು ಕೋಮಲಾ. ಅಪ್ಪನ ಪಕ್ಕ ಕೂತು, ಅವನ ಹೆಗಲಿಗೆ ಮುಖ ಒತ್ತಿಕೊಂಡು ಅತ್ತಳು.