ದೊಡ್ಡ ಕಾರಿನ ಮೂತಿಯ ಮುಂದೆ

“ಇನ್ನೊಂದು ಹೆಜ್ಜೆ ಮುಂದೆ ಬಾ,” ಅಂದಳು ಅತ್ತೆ.

ಚೋಟಿ ಮುಂದೆ ಬಂದಳು. ಎದುರಿಗೆ ಕರ್ರಗಿನ ದೊಡ್ಡ ಕಾರಿನ ಮೂತಿ ಗೋಡೆಯ ಹಾಗೆ ನಿಂತಿತ್ತು.

“ಕಾಣ್ತಾಳೇನೋ?” ಅತ್ತೆ ಕೂಗಿ ಕೇಳಿದಳು.

“ಕಾಣ್ತಾಳಕ್ಕ,” ಅಂದ ಡ್ರೈವರ್ ಸೀಟಿನಲ್ಲಿ ಕೂತಿದ್ದ ಅಪ್ಪ.

ಅತ್ತೆಯ ಕೆಲಸವೇ ಅದು. ಕಾರು ಕೊಳ್ಳುವವರ ಜೊತೆ ಹೋಗಿ, ಅದರ ಜಾತಕವನ್ನೆಲ್ಲ ಜಾಲಾಡಿ, ಒಳ್ಳೆಯದಿಷ್ಟು ಕೆಟ್ಟದ್ದಿಷ್ಟು ಅಂತ ಬರೆದುಕೊಡುವುದು. ಇವತ್ತು ಬಂದದ್ದು ಸ್ವಂತ ತಮ್ಮನಿಗಾಗಿ. ತಮ್ಮ ಅಂತ ರಿಯಾಯಿತಿ ಏನೂ ಇರಲಿಲ್ಲ. ಏಳೂ ಸೀಟಿನಲ್ಲಿ ಕೂತೆದ್ದು, ಕಾರಿನ ಕೆಳಗೆ ಅಂಗಾತ ಮಲಗಿ, ಹಿಂದಿನ ಬಾಗಿಲನ್ನು ಹತ್ತು ಸಲ ತೆಗೆದು ಹಾಕಿ ಶೋರೂಮಿನ ಸೇಲ್ಸ್‌ಮನ್‌ಗೆ ಬೆವರಿಳಿಸಿದ್ದಳು. ಈಗ ಕಾರಿನ ಕೀಲಿಯನ್ನು ಜೇಬಿಗೆ ಹಾಕಿಕೊಂಡು, ಟೇಪು ಹಿಡಿದು ಅಂಗಳಕ್ಕೆ ಇಳಿದಿದ್ದಳು.

“ಕಾರಿನ ಮುಂದೆ ಮಕ್ಕಳು ನಿಂತ್ರೆ ಎಷ್ಟು ಹತ್ತಿರದವರೆಗೂ ಕಾಣ್ತಾರೆ, ಅದನ್ನ ನೋಡ್ಬೇಕು,” ಅಂದಳು. “ಕಣ್ಣು ಕಾಣ್ಬೇಕು. ಬರೀ ಕೂದಲು ಕಂಡ್ರೆ ಲೆಕ್ಕಕ್ಕಿಲ್ಲ.”

ಚೋಟಿಗಂತೂ ಈ ಕಾರು ಪಾಸಾಗಲೇಬೇಕಿತ್ತು. ಕ್ಲಾಸಿನಲ್ಲಿ ಎಲ್ಲರಿಗಿಂತ ಗಿಡ್ಡಗಿದ್ದುದಕ್ಕೆ ಅವಳಿಗೆ ಚೋಟಿ ಅಂತ ಹೆಸರು ಬಿದ್ದು, ಅದು ಮನೆಯವರೆಗೂ ಬಂದು ಅಂಟಿಕೊಂಡಿತ್ತು. ಈ ಕಾರಿನಲ್ಲಿ ಕೂತರೆ ಎಲ್ಲರನ್ನೂ ಮೇಲಿಂದ ನೋಡಬಹುದು. “ಸೋಮವಾರ ನೋಡ್ತಿರಿ, ನಮ್ಮ ಕಾರ್ ಬಸ್ಸಿನಷ್ಟಿರುತ್ತೆ,” ಅಂತ ಇಡೀ ಕ್ಲಾಸಿನ ಮುಂದೆ ಬಡಾಯಿ ಕೊಚ್ಚಿಯೂ ಆಗಿತ್ತು.

“ಇನ್ನೊಂದು ಹೆಜ್ಜೆ.”

ಅತ್ತೆ ಟೇಪಿನ ಮೇಲೆ ಬಗ್ಗಿದ್ದಳು. ಚೋಟಿ ಹೆಜ್ಜೆ ಮುಂದಿಟ್ಟು, ಸದ್ದಿಲ್ಲದೆ ಎರಡೂ ಹಿಮ್ಮಡಿ ಎತ್ತಿದಳು.

“ಕಣ್ಣೂ ಕಾಣ್ತಿದೆ ಅಕ್ಕ,” ಅಂದ ಅಪ್ಪ.

ಎರಡು ಅಡಿ ಅಂತ ಅತ್ತೆ ಬರೆದುಕೊಂಡಳು. “ನಾನು ಹೇಳ್ಲಿಲ್ವಾ ಮೇಡಂ,” ಅಂದ ಸೇಲ್ಸ್‌ಮನ್ ಮುಖ ಅರಳಿತು. ಚೋಟಿಯದೂ ಅರಳಿತು.

“ಈಗ ಗುಂಡನ್ನ ಕರ್ಕೊಂಡ್ ಬಾ.”

ಗುಂಡ ಅವಳ ತಮ್ಮ. ಎರಡೂವರೆ ವರ್ಷ. ಹಿಂದಿನ ಸೀಟಿನಲ್ಲಿ ಕುಣಿಯುತ್ತಿದ್ದವನನ್ನು ಇಳಿಸಿ ಅತ್ತೆಗೆ ಒಪ್ಪಿಸಿ, ಚೋಟಿ ಅಪ್ಪನ ಪಕ್ಕದ ಸೀಟಿಗೆ ಹತ್ತಿ ಮಂಡಿಯೂರಿ ಕೂತಳು. ಅಲ್ಲಿಂದ ಕಾಂಪೌಂಡಿನ ಆಚೆ ಹೋಗುವವರ ನೆತ್ತಿಗಳೂ ಕಾಣುತ್ತಿದ್ದವು. ಅವಳಿಗೆ ಖುಷಿಯೋ ಖುಷಿ.

ಅತ್ತೆ ಗೇಟಿನ ಹತ್ತಿರದಿಂದ ಗುಂಡನ ಕೈ ಹಿಡಿದು ನಡೆಸಿಕೊಂಡು ಬಂದಳು. ಮೊದಲು ಗುಂಡ ಪೂರ್ತಿ ಕಾಣುತ್ತಿದ್ದ. ಬರಬರುತ್ತಾ ಅವನ ಕಾಲು ಹೋಯಿತು. ಹೊಟ್ಟೆ ಹೋಯಿತು. ಗಲ್ಲ ಹೋಯಿತು. ನೆತ್ತಿಯ ಮೇಲಿನ ನಾಲ್ಕು ಕೂದಲು ಸ್ವಲ್ಪ ಅಲ್ಲಾಡಿ ಅವೂ ಹೋದವು.

“ಕಾಣ್ತಿಲ್ಲ,” ಅಂದ ಅಪ್ಪ. ಅವನ ದನಿ ಸಣ್ಣಗಾಗಿತ್ತು.

ಅತ್ತೆ ಇನ್ನೂ ದೂರದಲ್ಲೇ ಇದ್ದಳು. ಅವಳ ಒಂದು ಕೈ ಮಾತ್ರ ಏನನ್ನೋ ಹಿಡಿದುಕೊಂಡ ಹಾಗೆ ಕೆಳಗೆ ಇಳಿದಿತ್ತು. ಆ ಕೈಯ ತುದಿಯಲ್ಲಿ ಗುಂಡ ಇದ್ದಾನೆ ಅಂತ ಚೋಟಿಗೆ ಗೊತ್ತು. ಕತ್ತು ಎಷ್ಟು ಉದ್ದ ಮಾಡಿದರೂ ಅವನು ಕಾಣಲಿಲ್ಲ. ಅವಳಿಗೆ ಹೆದರಿಕೆಯಾಯಿತು.

“ಟಾಟಾ ಅಪ್ಪ, ಟಾಟಾ,” ಅಂತ ಗುಂಡನ ದನಿ ಬಂತು.

ದಿನಾ ಬೆಳಗ್ಗೆ ಅಪ್ಪ ಹೊರಡುವಾಗ, ಯಾರ ಕೈಗೂ ಸಿಗದೆ ಕಾರಿನ ಮುಂದೆ ಓಡಿಬಂದು ಅವನು ಹೇಳುವುದು ಹೀಗೆಯೇ. ತನಗೆ ಕಾರು ಕಂಡರೆ ಮುಗಿಯಿತು, ಕಾರಿನಲ್ಲಿದ್ದವರಿಗೂ ತಾನು ಕಂಡೆ ಅಂತಲೇ ಅವನ ಲೆಕ್ಕ. ಹಿಮ್ಮಡಿ ಎತ್ತುವುದೆಲ್ಲ ಅವನಿಗೆ ಗೊತ್ತಿಲ್ಲ.

“ಹತ್ತು ಅಡಿ,” ಅಂತ ಅತ್ತೆ ಬರೆದುಕೊಂಡಳು.

“ಕ್ಯಾಮೆರಾ ಇದೆಯಲ್ಲಾ ಮೇಡಂ,” ಅಂದ ಸೇಲ್ಸ್‌ಮನ್.

“ಅದು ಹಿಂದೆ. ಮುಂದೆ ಇದೆಯಾ?”

“ಮುಂದಿನದು ಇದಕ್ಕಿಂತ ಮೇಲಿನ ಮಾಡೆಲ್‌ಗೆ ಬರುತ್ತೆ,” ಅಂತ ಅವನು ತಲೆ ಕೆರೆದುಕೊಂಡ.

ಚೋಟಿ ಇಳಿದು ಅತ್ತೆಯ ಹತ್ತಿರ ಬಂದಳು. “ಅತ್ತೆ, ನಂದು ಇನ್ನೊಂದ್ಸಲ ಅಳತೆ ಮಾಡು.”

“ಯಾಕೆ?”

“ಆಗ ತುದಿಗಾಲಲ್ಲಿ ನಿಂತಿದ್ದೆ.”

ಅತ್ತೆ ಅವಳ ಮುಖವನ್ನೇ ನೋಡಿದಳು. ಬೈಯಲಿಲ್ಲ. ಎರಡು ಅಡಿ ಅಂತ ಬರೆದದ್ದರ ಮೇಲೆ ಗೀಟು ಎಳೆದಳು. ಈ ಸಲ ನಾಲ್ಕೂವರೆ ಅಡಿ ಬಂತು.

“ತಗೋಬೇಡ ಅಂತೀಯಾ ಅಕ್ಕ?” ಅಪ್ಪ ಇಳಿದು ಬಂದು ಕೇಳಿದ.

“ಬೇಕು ಬೇಡ ಅನ್ನೋದು ನಿಂದು. ಇರೋದನ್ನ ಬರೆಯೋದು ನಂದು.”

ಅಪ್ಪ ಗುಂಡ ನಿಂತಿದ್ದ ಜಾಗದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಕಾರಿನ ಮೂತಿಯನ್ನು ತುಂಬಾ ಹೊತ್ತು ನೋಡಿದ. ಆಮೇಲೆ ಎದ್ದು, “ಯೋಚನೆ ಮಾಡಿ ಹೇಳ್ತೀವಿ,” ಅಂದ ಸೇಲ್ಸ್‌ಮನ್‌ಗೆ.

ಸೋಮವಾರ ಕ್ಲಾಸಿನಲ್ಲಿ ಏನು ಹೇಳುವುದೋ ಚೋಟಿಗೆ ತಿಳಿಯಲಿಲ್ಲ. ಬೇಜಾರೂ ಆಯಿತು. ಆದರೆ ಈಗ ಬೇರೊಂದು ಪ್ರಶ್ನೆ ಅವಳ ತಲೆ ಕೊರೆಯುತ್ತಿತ್ತು.

ಹೊರಗೆ ಅವರ ಹಳೆಯ ಪುಟ್ಟ ಕಾರು ನಿಂತಿತ್ತು. ಅತ್ತೆ, ಗುಂಡ ಹಿಂದೆ ಕೂತರು. ಅಪ್ಪ ಮುಂದೆ ಕೂತ.

“ಅಪ್ಪ, ಸ್ಟಾರ್ಟ್ ಮಾಡ್ಬೇಡ. ಕೀಲಿ ನನ್ನ ಕೈಗೆ ಕೊಡು,” ಅಂದಳು ಚೋಟಿ. ಕೀಲಿ ತೆಗೆದುಕೊಂಡು ಕಾರಿನ ಮುಂದೆ ಹೋಗಿ, ಗುಂಡನಷ್ಟೇ ಎತ್ತರವಾಗುವ ಹಾಗೆ ಕುಕ್ಕರಿಸಿದಳು.

“ಕಾಣ್ತೀನಾ?”

“ಕಾಣ್ತೀಯ.”

ಕಪ್ಪೆಯ ಹಾಗೆ ಒಂದು ಹೆಜ್ಜೆ ಕುಪ್ಪಳಿಸಿದಳು. “ಈಗ?”

“ಕಾಣ್ತೀಯ.”

ಇನ್ನೊಂದು ಸಲ ಕುಪ್ಪಳಿಸಿದಳು. ಈಗ ಬಂಪರ್ ಮೂಗಿಗೆ ತಾಗುವಷ್ಟು ಹತ್ತಿರವಿತ್ತು. “ಈಗ?”

“ಚೋಟಿ,” ಅಪ್ಪನ ದನಿ ಕೇಳಿಸಿತು, “ಎಲ್ಲಿದ್ದೀಯ?”

ಚೋಟಿ ಮೆಲ್ಲಗೆ ಎದ್ದು ನಿಂತಳು. ಅಪ್ಪನ ಕಣ್ಣು ತನ್ನ ಮೇಲೆ ಬೀಳುವವರೆಗೂ ಅಲ್ಲಿಂದ ಕದಲಲಿಲ್ಲ. ಕೀಲಿ ಕೊಟ್ಟು, ಹಿಂದಿನ ಸೀಟಿಗೆ ಹೋಗಿ ಗುಂಡನ ಕೈ ಹಿಡಿದುಕೊಂಡಳು. ಅವನು ಎಷ್ಟು ಕೊಸರಾಡಿದರೂ ಮನೆ ಬರುವವರೆಗೂ ಬಿಡಲಿಲ್ಲ.