ಪಕ್ಕದ ಕುರ್ಚಿಯ ಬ್ಯಾಗು

"ಮೇಡಂ, ಅಲ್ಲೇ ನಿಂತ್ಕೊಳ್ಳಿ... ರೆಕಾರ್ಡಿಂಗ್ ನಡೀತಿದೆ!"

ಆ ದನಿ ಕೇಳಿ ಬಾಗಿಲಲ್ಲೇ ಅವಳ ಕಾಲು ನಿಂತಿತು.

ತರಗತಿಯ ನಡುವೆ ಹೆಡ್‌ಫೋನ್ ಹಾಕಿ, ಉದ್ದನೆಯ ಕೋಲಿನ ತುದಿಯಲ್ಲಿ ಮೈಕ್ ಹಿಡಿದು ನಿಂತಿದ್ದವನು ಅವನೇ! ಸುತ್ತ ಹದಿನೈದು-ಹದಿನಾರರ ಮಕ್ಕಳು ಉಸಿರು ಬಿಗಿಹಿಡಿದು ನಿಂತಿದ್ದರು. ಚಿತ್ರೀಕರಣ ಮುಗಿದ ಪ್ರತಿ ಜಾಗದಲ್ಲೂ ಹೀಗೆ ಒಂದು ನಿಮಿಷ ಬರೀ ಮೌನವನ್ನು ರೆಕಾರ್ಡ್ ಮಾಡಿಕೊಳ್ಳುತ್ತಾರೆ. ಎಡಿಟಿಂಗ್ ಮಾಡುವಾಗ ಮಾತುಗಳ ನಡುವಿನ ತೂತು ಮುಚ್ಚಲು ಅದು ಬೇಕು.

ಅವನು ತಲೆಯೆತ್ತಿ ನೋಡಿದ.

ಒಂದು ನಿಮಿಷ ಇಬ್ಬರೂ ಬಾಯಿ ತೆರೆಯುವಂತಿರಲಿಲ್ಲ. ಹನ್ನೊಂದು ವರ್ಷ ಮಾತಿಲ್ಲದೆ ಕಳೆದವರಿಗೆ ಒಂದು ನಿಮಿಷ ಯಾವ ಲೆಕ್ಕ!

"ಎಡಿಟಿಂಗ್ ಹೇಳಿಕೊಡೋಕೆ ಬರೋರು... ನೀವು ಅಂತ ಗೊತ್ತಿರ್ಲಿಲ್ಲ," ಎಂದ ಕೊನೆಗೆ.

ನೀವು! ಅವಳಿಗೆ ಚುರುಕ್ಕೆಂದಿತು.

"ಗೊತ್ತಿದ್ದಿದ್ರೆ ನೀವು ಬರ್ತಿರ್ಲಿಲ್ವೇನೋ," ಎಂದು ಅವಳೂ ಬಿಟ್ಟುಕೊಡಲಿಲ್ಲ.

ಹನ್ನೊಂದು ಬೇಸಿಗೆಗಳ ಹಿಂದೆ, ಇದೇ ಸಿನಿಮಾ ಶಿಬಿರಕ್ಕೆ ಇಬ್ಬರೂ ಹೊಸದಾಗಿ ಬಂದಿದ್ದರು, ಅವಳು ಎಡಿಟಿಂಗ್ ಕಲಿಸಲು, ಅವನು ರೆಕಾರ್ಡಿಂಗ್ ಕಲಿಸಲು. ಅವಳಿಗೆ ಇಪ್ಪತ್ತನಾಲ್ಕು, ಅವನಿಗೆ ಇಪ್ಪತ್ತಾರು. ಒಂದೇ ಡಬ್ಬಿಯಲ್ಲಿ ಊಟ, ದಿನವಿಡೀ ಜಗಳ. ಅಂದಿನಿಂದಲೇ ಮಕ್ಕಳ ಬಾಯಲ್ಲಿ ಅವಳು 'ಕತ್ತರಿ ಮೇಡಂ', ಅವನು 'ಮೌನಿ ಸರ್'. ಇವತ್ತು ಹೇಳುತ್ತಾನೆ, ನಾಳೆ ಹೇಳುತ್ತಾನೆ ಎಂದು ಅವಳು ಕಾದದ್ದೇ ಬಂತು.

ಕೊನೆಯ ದಿನ, ಮಕ್ಕಳ ಸಿನಿಮಾ ತೋರಿಸುವ ಹೊತ್ತಿಗೆ ಅವನ ಪಕ್ಕ ಕೂರೋಣವೆಂದು ಆಸೆಯಿಂದ ಹೋದಳು. ಆ ಕುರ್ಚಿಯ ಮೇಲೆ ಅವನ ಬ್ಯಾಗಿತ್ತು.

'ಯಾರಿಗೋ ಜಾಗ ಹಿಡಿದಿದ್ದಾನೆ...' ಎಂದುಕೊಂಡು ಹಿಂದಿನ ಸಾಲಿಗೆ ಹೋಗಿ ಕೂತಳು. ಸಿನಿಮಾ ಮುಗಿದು ದೀಪ ಹತ್ತುವಷ್ಟರಲ್ಲಿ ಅವನು ಹೇಳದೆ ಕೇಳದೆ ಹೊರಟುಹೋಗಿದ್ದ!

ಆ ಸಿಟ್ಟಿನಲ್ಲೇ ಅಕ್ಕ ತೋರಿಸಿದ ಗಂಡಿಗೆ ಹೂಂ ಅಂದಳು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದಾಗ ಬಂದೀತೇ? ಮದುವೆ ಎರಡು ವರ್ಷವೂ ಬಾಳಲಿಲ್ಲ. ಪಾಪ, ಆ ಮನುಷ್ಯನದೇನೂ ತಪ್ಪಿರಲಿಲ್ಲ.

ಅವನಿಗೆ ಇನ್ನೂ ಮದುವೆಯಾಗಿಲ್ಲ ಎಂಬುದು ಈಗ ಶಿಬಿರದ ಕಚೇರಿಯವರಿಂದ ತಿಳಿಯಿತು. 'ಅವತ್ತು ಯಾಕೆ ಹಾಗೆ ಹೋದೆ ಅಂತ ಕೇಳಿಬಿಡಲೇ?' ಪ್ರತಿದಿನ ಅಂದುಕೊಂಡಳು. ಪ್ರತಿದಿನ ಬ್ಯಾಟರಿ, ಕೇಬಲ್ಲುಗಳ ಬಗ್ಗೆ ಎರಡು ಮಾತಾಡಿ ವಾಪಸಾದಳು. ಹೀಗೇ ಮೂರು ವಾರ ಕಳೆದುಹೋಯಿತು.

ಕೊನೆಯ ದಿನ ಬೆಳಿಗ್ಗೆ, ಹಳೆಯ ಶಿಬಿರಗಳ ರೆಕಾರ್ಡಿಂಗ್‌ಗಳನ್ನು ಮಕ್ಕಳಿಗೆ ಅಭ್ಯಾಸಕ್ಕೆ ಕೊಟ್ಟಿದ್ದಳು. ಕನ್ನಡಕದ ಹುಡುಗಿಯೊಬ್ಬಳು ಹೆಡ್‌ಫೋನ್ ತೆಗೆದು ಕೂಗಿದಳು.

"ಮೇಡಂ, ಈ ಮೌನದಲ್ಲಿ ಯಾರೋ ಮಾತಾಡ್ತಿದ್ದಾರೆ!"

"ಮೊದಲ ಐದು ಸೆಕೆಂಡ್ ತಗೊಂಡು ಅದನ್ನೇ ಮತ್ತೆ ಮತ್ತೆ ಜೋಡಿಸು ಅಂದಿದ್ನಲ್ಲ? ಮೌನಾನ ಪೂರ್ತಿ ಯಾರಾದ್ರೂ ಕೇಳ್ತಾರೇನೇ?"

"ನಾನು ಕೇಳ್ದೆ ಮೇಡಂ... ಮೌನಿ ಸರ್ ದನಿ ಥರಾನೇ ಇದೆ."

ಅವಳು ಹೆಡ್‌ಫೋನ್ ಹಾಕಿಕೊಂಡಳು. ಮೊದಲು ಬರೀ ಫ್ಯಾನಿನ ಗುಂಯ್ ಸದ್ದು. ಅರ್ಧ ನಿಮಿಷ ಕಳೆದ ಮೇಲೆ...

"ಮಕ್ಕಳೆಲ್ಲ ಹೋದ್ರು, ನಾನೊಬ್ನೇ ಇದ್ದೀನಿ. ನೀನು ಒಂದು ಸಣ್ಣ ಕೆಮ್ಮನ್ನೂ ಬಿಡದೆ ಕೇಳೋಳು, ಇದನ್ನೂ ಕೇಳ್ತೀಯ. ಎದುರಿಗೆ ಹೇಳೋ ಧೈರ್ಯ ಇಲ್ಲ ಕಣೇ... ನೀನಿಲ್ದೆ ನಂಗಾಗಲ್ಲ. ಸಿನಿಮಾ ತೋರಿಸೋ ದಿನ ನನ್ನ ಪಕ್ಕದ ಕುರ್ಚಿ ಮೇಲೆ ಬ್ಯಾಗ್ ಇಟ್ಟಿರ್ತೀನಿ. ಒಪ್ಪಿಗೆ ಇದ್ರೆ ತೆಗೆದು ಕೂತ್ಕೋ. ಇಲ್ಲಾಂದ್ರೆ... ಸುಮ್ನೆ ಹೋಗ್ತೀನಿ. ಮತ್ತೆ ಕೇಳಿ ಮುಜುಗರ ಮಾಡಲ್ಲ."

ಮತ್ತೆ ಫ್ಯಾನಿನ ಸದ್ದು.

ಐದು ಸೆಕೆಂಡ್! ಹನ್ನೊಂದು ವರ್ಷದ ಹಿಂದೆ ಎಡಿಟಿಂಗ್‌ಗೆಂದು ಇದರಿಂದ ಅವಳು ತೆಗೆದುಕೊಂಡದ್ದು ಐದೇ ಐದು ಸೆಕೆಂಡ್!

"ಮೇಡಂ, ಯಾಕೆ ಅಳ್ತಿದ್ದೀರಾ? ನಾನೇನಾದ್ರೂ ತಪ್ಪು ಮಾಡಿದ್ನಾ?"

"ಇಲ್ಲ ಕಂದಾ... ನೀನೊಬ್ಬಳೇ ಸರಿಯಾಗಿ ಕೇಳಿದ್ದು."

ಸಂಜೆ ಸಭಾಂಗಣ ತುಂಬಿತ್ತು. ಅವನು ಮೂರನೇ ಸಾಲಿನ ಕೊನೆಯಲ್ಲಿ ಕೂತಿದ್ದ. ಪಕ್ಕದ ಕುರ್ಚಿಯ ಮೇಲೆ ಬ್ಯಾಗಿತ್ತು. ಅವನು ಆಸೆ ಬಿಟ್ಟು ವರ್ಷಗಳಾಗಿದ್ದವು, ಎಲ್ಲಿ ಸಿನಿಮಾಕ್ಕೆ ಕೂತರೂ ಪಕ್ಕದಲ್ಲಿ ಬ್ಯಾಗಿಡುವ ಅಭ್ಯಾಸ ಮಾತ್ರ ಹೋಗಿರಲಿಲ್ಲ.

ಅವಳು ನೇರವಾಗಿ ಬಂದು ಬ್ಯಾಗನ್ನು ಎತ್ತಿಕೊಂಡು, ಮಡಿಲಲ್ಲಿಟ್ಟುಕೊಂಡು ಕೂತಳು.

"ಅದು ನನ್ನ..." ಎಂದವನು ಅವಳ ಮುಖ ನೋಡಿ ನಿಲ್ಲಿಸಿದ.

"ಕೇಳಿಸ್ಕೊಂಡೆ ಕಣೋ. ಇವತ್ತು ಬೆಳಿಗ್ಗೆ... ಮೊದಲನೇ ಸಲ."

ಅವನ ಮುಖ ಬಿಳಿಚಿಕೊಂಡಿತು. "ಅಂದ್ರೆ... ಆವಾಗ ಕೇಳಿರ್ಲೇ ಇಲ್ವಾ? ಬ್ಯಾಗ್ ನೋಡಿ ಹಿಂದಕ್ಕೆ ಹೋದೆಯಲ್ಲ!"

"ಬೇರೆ ಯಾರಿಗೋ ಜಾಗ ಹಿಡಿದಿದ್ದೀಯ ಅಂದ್ಕೊಂಡೆ. ಬಾಯಿಬಿಟ್ಟು ಹೇಳೋಕೆ ನಿಂಗೇನಾಗಿತ್ತೋ ದಡ್ಡ? ಕೇಳೋಕೆ ನಂಗೇನು ದೊಡ್ಡ ರೋಗ ಬಂದಿತ್ತು..."

ಅವನು ಪರದೆಯತ್ತ ಮುಖ ತಿರುಗಿಸಿದ.

"ಅಮ್ಮ ಸಾಯೋವರೆಗೂ ಕೇಳ್ತಿದ್ಲು. 'ಆ ಕತ್ತರಿ ಹುಡುಗಿ ಏನಂದ್ಲೋ?' ಅಂತ. ಏನೂ ಅನ್ಲಿಲ್ಲಮ್ಮ ಅಂತಿದ್ದೆ."

ಅವಳಿಗೆ ದುಃಖ ಒತ್ತರಿಸಿ ಬಂತು. ಅವಳನ್ನು ನೋಡಬೇಕೆಂದು ಕಾದಿದ್ದ ಆ ತಾಯಿಗೆ ಇನ್ನು ಯಾವ ಉತ್ತರವೂ ಮುಟ್ಟುವುದಿಲ್ಲ. ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲವಂತೆ... ಹಾಗೆಂದವರು ಯಾರೂ ಹನ್ನೊಂದು ವರ್ಷ ಕಳೆದುಕೊಂಡಿರಲಾರರು!

ದೀಪ ಆರಿತು. ಪರದೆಯ ಮೇಲೆ ಮಕ್ಕಳ ಹೆಸರುಗಳು ಮೂಡತೊಡಗಿದವು.

"ಈಗ ಹೇಳು," ಎಂದಳು ಮೆಲ್ಲಗೆ. "ಬಾಯಿಬಿಟ್ಟು."

"ಇಲ್ಲೇನಾ? ಮಕ್ಕಳಿದ್ದಾರೆ ಕಣೇ..."

"ಪಿಸುಗುಟ್ಟು ಸಾಕು. ಈ ಸಲ ಪೂರ್ತಿ ಕೇಳ್ತೀನಿ."

ಅವನು ಅವಳ ಕಿವಿಯ ಬಳಿ ಬಾಗಿ ಹೇಳಿದ. ತಡವರಿಸಿದ, ಮತ್ತೆ ಹೇಳಿದ. ಒಮ್ಮೆಯೂ ನಡುವೆ ಬಾಯಿ ಹಾಕದೆ ಅವಳು ಕೇಳಿದಳು. ಕೊನೆಗೆ ಕಣ್ಣೊರೆಸಿಕೊಂಡು, "ಹೂಂ," ಎಂದಳು.

ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು. "ಏನಿಟ್ಟಿದ್ದೀಯೋ ಇದರಲ್ಲಿ, ಇಷ್ಟು ಭಾರ? ಕೆಳಗಿಡ್ಲಾ?"

"ಇಡು," ಎಂದು ಅವನು ಅವಳ ಕೈ ಹಿಡಿದುಕೊಂಡ. "ಅದಕ್ಕೆ ಇನ್ಮೇಲೆ ಕುರ್ಚಿ ಬೇಕಾಗಲ್ಲ."