ಕೋರಮಂಡಲ್‌ನ ಮಣ್ಣಿನಡಿ ಕೇಳಿದ ಸದ್ದು

"ಬಾಯಿ ಮುಚ್ಚಮ್ಮಾ!"

ಹಾಗೆ ಗದರಿದವನ ಮುಖ ಕೂಡ ಮೀನಾಳಿಗೆ ಸರಿಯಾಗಿ ಕಾಣಲಿಲ್ಲ. ಕಿತ್ತಳೆ ಬಣ್ಣದ ಉಡುಪು, ಕಿವಿಯ ಮೇಲೆ ದೊಡ್ಡ ಹೆಡ್‌ಫೋನು, ಮೊಣಕಾಲಿನ ತನಕ ಬೂದು ಕೆಸರು... ಅಷ್ಟೇ ಕಂಡದ್ದು.

ಅಪ್ಪ ಮಣ್ಣಿನಡಿ ಇರುವಾಗ ಮಗಳು ಅಳಲೂ ಬಾರದೆ? ಇವನೆಂಥ ಮನುಷ್ಯ!

ಚಂಡಮಾರುತ ದಡ ಮುಟ್ಟಿದ್ದು ದೂರದ ನೆಲ್ಲೂರಿನ ಹತ್ತಿರ. ಆದರೆ ಅದರ ಮಳೆ ಕೆಜಿಎಫ್ ತನಕ ಬಂದು ಎರಡು ದಿನ ಬಿಡದೆ ಸುರಿಯಿತು. ಮೂರನೆಯ ದಿನ ಬೆಳಗಾಗುವ ಹೊತ್ತಿಗೆ, ಅಲ್ಲಿನ ಕೋರಮಂಡಲ್ ಬಡಾವಣೆಯಲ್ಲಿ ಹಳೆಯ ಗಣಿಯ ಮಣ್ಣು ಸುರಿದಿದ್ದ ಗುಡ್ಡದ ಒಂದು ಮಗ್ಗುಲು ಕುಸಿದು ಗಣಿ ಕಾರ್ಮಿಕರ ಆರು ಲೈನ್ ಮನೆಗಳ ಮೇಲೆ ಬಿತ್ತು. ಅದರಲ್ಲಿ ಒಂದು ಮೀನಾಳದು.

ಬಂಗಾರಪೇಟೆಯ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಮೀನಾ, ಹಿಂದಿನ ದಿನ ಬಸ್ಸು ನಿಂತುಹೋದ್ದರಿಂದ ಗೆಳತಿಯ ಮನೆಯಲ್ಲಿ ಉಳಿದಿದ್ದಳು. ಸುದ್ದಿ ಕೇಳಿ ಯಾರದೋ ಹಾಲಿನ ಗಾಡಿ ಹತ್ತಿ ಬಂದಾಗ ಮನೆ ಇದ್ದ ಕಡೆ ಮನೆಯೇ ಇರಲಿಲ್ಲ. ತಾಯಿಯಿಲ್ಲದ ಅವಳಿಗೆ ಇದ್ದವನು ಅಪ್ಪ ಕುಪ್ಪುಸ್ವಾಮಿ ಒಬ್ಬನೇ. ಗಣಿ ಮುಚ್ಚುವ ತನಕ ಅದರೊಳಗೇ ದುಡಿದವನು.

ಗದರಿದವನು ಹತ್ತಿರ ಬಂದ. ಈ ಸಲ ದನಿ ತಗ್ಗಿತ್ತು. ಅವನ ಹೆಸರು ಅಂಬರೀಶ್, ರಕ್ಷಣಾ ತಂಡದವನು. ಡ್ರೋನ್ ಹಾರಿಸಿ ನೋಡಿಯಾಯಿತಂತೆ. ಮೈಯ ಬಿಸಿ ಗುರುತಿಸುವ ಕ್ಯಾಮೆರಾ ಅದು. ಆದರೆ ಇಷ್ಟು ದಪ್ಪ ತಣ್ಣನೆಯ ಕೆಸರಿನಡಿ ಅದಕ್ಕೆ ಏನೂ ಕಾಣುವುದಿಲ್ಲ. ಉಳಿದದ್ದು ಒಂದೇ. ನೆಲದಲ್ಲಿ ನೆಟ್ಟ ಈ ಪುಟ್ಟ ಡಬ್ಬಿಗಳು. ಕೆಳಗೆ ಯಾರಾದರೂ ಬಡಿದರೆ, ನರಳಿದರೆ, ವೈರಿನ ಮೂಲಕ ಅವನ ಕಿವಿಗೆ ಬರುತ್ತದೆ.

"ನೀವು ಅತ್ರೆ ನಿಮ್ಮ ಅಳುನೇ ನನಗೆ ಕೇಳ್ಸೋದು. ಒಳಗಿರೋರದ್ದು ಕೇಳ್ಸಲ್ಲ."

ಮೀನಾ ದುಪಟ್ಟಾ ಬಾಯಿಗೆ ತುರುಕಿಕೊಂಡು ಕೂತಳು. ಜೆಸಿಬಿ ನಿಂತಿತು. ಸುತ್ತ ನೂರಾರು ಜನ ಉಸಿರು ಬಿಗಿಹಿಡಿದು ನಿಂತರು.

ಅಂಬರೀಶ್ ಕಣ್ಣು ಮುಚ್ಚಿ ಕೇಳಿದ. ಡಬ್ಬಿಗಳನ್ನು ಕಿತ್ತು ಪಕ್ಕಕ್ಕೆ ನೆಟ್ಟ. ಮತ್ತೆ ಕೇಳಿದ. ಆಮೇಲೆ ಕೈಯೆತ್ತಿದ.

ಮೂರು ಬಡಿತ. ಸ್ವಲ್ಪ ಬಿಟ್ಟು, ಮತ್ತೆ ಮೂರು!

ಆದರೆ ಅವನ ಕೈ ತೋರಿದ್ದು ಪಕ್ಕದ ಓಬಳಮ್ಮನ ಮನೆ ಇದ್ದ ಜಾಗವನ್ನು. ಮೀನಾ ಅವನ ತೋಳು ಹಿಡಿದು ಬೇಡಿಕೊಂಡಳು. ಅಪ್ಪ ಇರುವುದು ಈ ಮನೆಯಲ್ಲಿ, ಇಲ್ಲೂ ಅಗೆಯಿರಿ ಎಂದಳು. ಇಲ್ಲಿ ಸದ್ದಿಲ್ಲ, ಸದ್ದಿದ್ದ ಕಡೆಗೇ ಮೊದಲು ಹೋಗಬೇಕು ಎಂದು ಹೇಳಿ ಅವನು ತೋಳು ಬಿಡಿಸಿಕೊಂಡ.

ಯಂತ್ರ ಹಾಕಿದರೆ ಮತ್ತೆ ಕುಸಿಯಬಹುದೆಂದು ಕೈಯಲ್ಲೇ ಅಗೆದರು. ಮಧ್ಯಾಹ್ನ ಓಬಳಮ್ಮ ಸಿಕ್ಕಳು. ಪ್ರಜ್ಞೆಯಿರಲಿಲ್ಲ, ಬಲಗಾಲು ಜಜ್ಜಿಹೋಗಿತ್ತು. ಆದರೆ ಜೀವವಿತ್ತು. ಜನ ಚಪ್ಪಾಳೆ ತಟ್ಟಿದರು. ಅಂಬರೀಶ್ ಮತ್ತೊಮ್ಮೆ ಡಬ್ಬಿಗಳನ್ನು ನೆಟ್ಟು ಕೇಳಿದ. ಏನೂ ಇಲ್ಲ... ಅಷ್ಟರಲ್ಲಿ ಬಂಗಾರಪೇಟೆಯ ಕಡೆ ಕೆರೆಯೊಂದು ಒಡೆದು ಜನ ಸಿಕ್ಕಿಕೊಂಡಿದ್ದಾರೆಂಬ ಕರೆ ಬಂತು. ಅಗೆಯುವವರನ್ನು ಬಿಟ್ಟು ಅವನು ಡಬ್ಬಿಗಳ ಸಮೇತ ಅಲ್ಲಿಗೆ ಹೋದ.

ಮಾರನೆಯ ದಿನ ಕುಪ್ಪುಸ್ವಾಮಿಯ ಹೆಣ ಸಿಕ್ಕಿತು.

ಸಿಕ್ಕಿದ್ದು ಅವನ ಮನೆಯಲ್ಲಲ್ಲ. ಓಬಳಮ್ಮನ ಮನೆಯ ಹಿಂಗೋಡೆಯ ಆಚೆ, ಅವಳು ಸಿಕ್ಕ ಜಾಗದಿಂದ ಒಂದು ಮಾರು ದೂರದಲ್ಲಿ. ಗುಡ್ಡ ಜಾರುವ ಸದ್ದಿಗೆ ಎದ್ದು, ಒಂಟಿ ಹೆಂಗಸನ್ನು ಎಬ್ಬಿಸಲು ಓಡಿದ್ದನೇನೋ. ಬಲಗೈಯಲ್ಲಿ ಕಲ್ಲಿತ್ತು. ಪಕ್ಕದಲ್ಲಿ ನೀರಿನ ಪೈಪು.

ಬಡಿಯುತ್ತಿದ್ದವನು ಅಪ್ಪ!

ಅಂಬರೀಶ್ ಅದನ್ನು ಕೇಳಿಸಿಕೊಂಡ. ಕೇಳಿಸಿಕೊಂಡೂ ಬಿಟ್ಟು ಹೋದ... ಮೀನಾಳ ಎದೆಯಲ್ಲಿ ಆ ಮಾತು ಮುಳ್ಳಿನಂತೆ ನಿಂತುಬಿಟ್ಟಿತು.

ಕಾಲು ಕಳೆದುಕೊಂಡ ಓಬಳಮ್ಮ ಎರಡು ತಿಂಗಳು ಕೋಲಾರದ ಆಸ್ಪತ್ರೆಯಲ್ಲಿದ್ದಳು. ಅಂಬರೀಶ್ ಅಲ್ಲಿಗೆ ಬಂದು ಹೋಗುತ್ತಾನೆಂದು ತಿಳಿದು ಮೀನಾ ಆ ಹೊತ್ತು ತಪ್ಪಿಸಿಕೊಂಡಳು. ಆಮೇಲೆ ಬಂಗಾರಪೇಟೆಯಲ್ಲಿ ಬಾಡಿಗೆ ಮನೆ ಹಿಡಿದು, ಚಿಕ್ಕಂದಿನಿಂದ ಅತ್ತೆ ಎಂದೇ ಕರೆಯುತ್ತಿದ್ದ ಓಬಳಮ್ಮನನ್ನು ಕರೆತಂದಳು. ಆ ದಿನದ ಬಗ್ಗೆ ಇಬ್ಬರೂ ಮಾತಾಡಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಅವನು ಬಾಗಿಲಿಗೇ ಬಂದ. ಮೀನಾ ಒಳಗೆ ಕರೆಯಲಿಲ್ಲ. ಹೊಸ್ತಿಲಾಚೆ ನಿಂತೇ ಅವನು ಹೇಳಿದ.

"ಬಡೀತಿದ್ದೋರು ಓಬಳಮ್ಮೋರೇ ಅಂದ್ಕೊಂಡೆ. ಅವರನ್ನ ಮುಟ್ಟೋಕೆ ಮುಂಚೆ ಸದ್ದು ನಿಂತೋಯ್ತು. ಪ್ರಜ್ಞೆ ತಪ್ಪಿದ್ದಕ್ಕೆ ನಿಂತಿದೆ ಅಂತ ತಿಳ್ಕೊಂಡೆ. ಇನ್ನೊಬ್ರು ಇರಬೌದು ಅಂತ ಯೋಚ್ನೆ ಮಾಡ್ಬೇಕಾಗಿತ್ತು. ಮಾಡ್ಲಿಲ್ಲ."

ಮೀನಾ ಬಾಗಿಲ ಚೌಕಟ್ಟು ಗಟ್ಟಿಯಾಗಿ ಹಿಡಿದಳು.

ಮೇಲಿನವರಿಗೆ ಇದನ್ನೆಲ್ಲ ಬರೆದುಕೊಟ್ಟಿದ್ದೇನೆ ಎಂದ. ಒಬ್ಬರು ಸಿಕ್ಕರೆ ಬಡಿದವರು ಅವರೇ ಎಂದುಕೊಂಡು ಡಬ್ಬಿ ಕೀಳಬೇಡಿ ಎಂದು ಈಗ ಹೊಸಬರಿಗೆ ತಾನೇ ಹೇಳಿಕೊಡುತ್ತಿರುವುದಾಗಿಯೂ ಹೇಳಿದ.

"ಇದನ್ನ ನನಗ್ಯಾಕೆ ಹೇಳ್ತೀರಾ?" ಎಂದಳು. "ನೀವು ಯೋಚ್ನೆ ಮಾಡ್ಲಿಲ್ಲ ಅನ್ನೋದು, ಹೇಳ್ದೆ ಇದ್ದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ."

"ನಿಮಗೆ ಗೊತ್ತಿಲ್ದೆ ನಾನು ಎಂಗೆ ಇರ್ಲಿ?"

ಅಷ್ಟರಲ್ಲಿ ಒಳಗಿನಿಂದ ಓಬಳಮ್ಮ ಕರೆದಳು. ಮಂಚದ ಮೇಲೆ ಎದ್ದು ಕೂತಿದ್ದಳು. ಕಣ್ಣಲ್ಲಿ ನೀರು.

"ಇಬ್ರೂ ಇಲ್ಲಿ ಬನ್ನಿ. ನಾನು ಒಂದು ಮಾತು ಏಳ್ಬೇಕು. ಇಷ್ಟು ದಿನ ಬಾಯೇ ಬರ್ಲಿಲ್ಲ."

ಅವಳು ತಡೆದು ತಡೆದು ಹೇಳಿದಳು. ಕುಪ್ಪುಸ್ವಾಮಿಯ ಸೊಂಟದ ಮೇಲೆ ಗೋಡೆ ಬಿದ್ದಿತ್ತಂತೆ. ಕತ್ತಲಲ್ಲಿ ಅವನ ಮಾತು ಮಾತ್ರ ಕೇಳುತ್ತಿತ್ತು. ಗಣಿಯಲ್ಲಿ ಸಿಕ್ಕಿಕೊಂಡಾಗ ಹೀಗೇ ಬಡಿಯುತ್ತಿದ್ದೆವು, ಮೇಲಿನವರು ಬಂದೇ ಬರುತ್ತಾರೆ ಎಂದು ಅವಳಿಗೆ ಧೈರ್ಯ ಹೇಳುತ್ತಿದ್ದನಂತೆ.

"ಮಗ ಊರಲ್ಲಿ ಇಲ್ಲ, ಅದೇ ದೊಡ್ಡದು ಅಂತಾನೇ ಇದ್ದ ಕಣಮ್ಮ. ನಿನ್ನನ್ನೇ ಮಗ ಅಂತಿದ್ದನಲ್ಲ... ಆಮೇಲೆ ಬಡಿಯೋದು ನಿಂತೋಯ್ತು. ಉಸಿರಿನ ಸದ್ದು ಕೇಳ್ತಿತ್ತು. ಅದೂ ನಿಂತೋಯ್ತು. ಅಣ್ಣಾ ಅಣ್ಣಾ ಅಂತ ಎಷ್ಟೊತ್ತು ಕೂಗ್ದೆ ಗೊತ್ತಾ? ನನಗೆ ಜ್ಞಾನ ತಪ್ಪಿದ್ದು ಅದಾದ್ಮೇಲೆ." ಅಂಬರೀಶನ ಕಡೆ ತಿರುಗಿದಳು. "ನೀನು ಬರೋ ಒತ್ತಿಗೆ ಅಣ್ಣ ಓಗ್ಬಿಟ್ಟಿದ್ದ ಕಣಪ್ಪ."

ಅಂಬರೀಶ್ ನೆಲದ ಮೇಲೆ ಕೂತುಬಿಟ್ಟ. ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು, ದೊಡ್ಡ ದನಿಯಲ್ಲಿ ಅತ್ತ.

ಮೀನಾ ನೋಡುತ್ತ ನಿಂತಳು. ಇವನಿಗೂ ಇದು ಗೊತ್ತಿರಲಿಲ್ಲ. ತಾನೇ ಕೊಂದೆ ಎಂದುಕೊಂಡೇ ಈ ಬಾಗಿಲಿಗೆ ಬಂದಿದ್ದ... ಒಳಗೆ ಹೋಗಿ ಒಂದು ಲೋಟ ನೀರು ತಂದು ಅವನ ಮುಂದಿಟ್ಟಳು.

ಅಂದಿನಿಂದ ಅವನು ಭಾನುವಾರಗಳಲ್ಲಿ ಬರತೊಡಗಿದ. ಓಬಳಮ್ಮ ಊರುಗೋಲು ಹಿಡಿದು ಇಳಿಯಲೆಂದು ಮೆಟ್ಟಿಲ ಪಕ್ಕ ಇಳಿಜಾರು ಕಟ್ಟಿಕೊಟ್ಟ. ಕೆಲವು ವಾರ ಅವನ ಮುಖ ನೋಡಿದರೆ ಮೀನಾಳಿಗೆ ಕೆಸರೇ ಕಣ್ಣಿಗೆ ಬರುತ್ತಿತ್ತು. ಇವತ್ತು ಬರಬೇಡಿ ಎಂದು ಫೋನ್ ಮಾಡುತ್ತಿದ್ದಳು. ಅವನು ಏಕೆಂದು ಕೇಳುತ್ತಿರಲಿಲ್ಲ, ಬರುತ್ತಲೂ ಇರಲಿಲ್ಲ. ಆ ವಾರಗಳು ಕಡಿಮೆಯಾಗುತ್ತ ಹೋದವು. ಬರದ ಭಾನುವಾರ ಉದ್ದವೆನಿಸತೊಡಗಿದಾಗ ಮೀನಾಳಿಗೇ ಭಯವಾಯಿತು. ಅಪ್ಪಾ, ಇದು ತಪ್ಪಾ?

ಮುಂದಿನ ಕಾರ್ತಿಕದಲ್ಲಿ ಸಮುದ್ರದಲ್ಲಿ ಮತ್ತೊಂದು ಚಂಡಮಾರುತ ಎದ್ದಿತು. ಪೂರ್ವ ಕರಾವಳಿಗೆ ಹೊರಟ ತಂಡದ ಲಾರಿ ಲ್ಯಾಬಿನ ಮುಂದೆ ಐದು ನಿಮಿಷ ನಿಂತಿತು. ಅಂಬರೀಶ್ ಇಳಿದು ಬಂದ. ಒಂದು ಮಾತು ಕೇಳಬೇಕಿತ್ತು, ಇಂಥ ಹೊತ್ತಲ್ಲಿ ಕೇಳಬಾರದು ಎಂದು ತಡವರಿಸಿದ.

ಮೀನಾ ಕೌಂಟರಿನ ಹಿಂದಿನಿಂದ ಒಂದು ಪೊಟ್ಟಣ ತಂದು ಅವನ ಕೈಗಿಟ್ಟಳು. ನಾಲ್ಕು ಜೊತೆ ದಪ್ಪ ಕಾಲುಚೀಲ.

"ಒದ್ದೆಯಾದ್ರೆ ಬದಲಾಯಿಸ್ಕೊಳ್ಳಿ. ಬೆರಳ ಸಂದಿ ಎಲ್ಲ ಕೊಳ್ತೋಗಿದೆ, ನೋಡಿದೀನಿ."

ಅವನು ಪೊಟ್ಟಣವನ್ನೇ ನೋಡುತ್ತ ನಿಂತ. ಲಾರಿಯವನು ಹಾರ್ನ್ ಹೊಡೆದ.

"ಮುಗಿಸ್ಕೊಂಡು ಸೀದಾ ಬನ್ನಿ," ಎಂದಳು.

"ಎಲ್ಲಿಗೆ ಬರ್ಲಿ? ಲ್ಯಾಬಿಗಾ?"

"ಮನೆಗೆ." ಅವಳ ಕಣ್ಣು ತುಂಬಿತು. "ನೀವು ಕೇಳ್ಬೇಕು ಅಂತಿರೋದಕ್ಕೆ ನಾನು ಅತ್ತೆ ಹತ್ರ ಆಗಲೇ ಹೂಂ ಅಂದಿದೀನಿ."